ಅಮ್ಮನ ಕಾಯಿಲೆ ಮಗಳಿಗೂ ಬರುತ್ತದೆಯೇ?

ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುವ ದಿನ ಮೇಷ್ಟರಿಗೆ ಖುಷಿ ಸ್ವಲ್ಪ ಜಾಸ್ತಿ. ಮೆಂಡೆಲ್‌ನ ಬಟಾಣಿ ಗಿಡ, ಎತ್ತರ, ಗಿಡ್ಡ, ದುಂಡು, ಸುಕ್ಕು ಎಂದು ಕಪ್ಪು ಹಲಗೆಯ ತುಂಬ ಚೌಕ ಬರೆದು, ಕೊನೆಗೆ ‘ಯಾರಿಗೆ ಅಪ್ಪನ ಮೂಗು, ಯಾರಿಗೆ ಅಮ್ಮನ ಕಿವಿ?’ ಎಂದು ಕೇಳಿದರೆ ಇಡೀ ಕ್ಲಾಸು ಗೊಳ್ಳೆಂದು ನಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಅಂಥದೇ ಒಂದು ದಿನ, ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. “ಸಾರ್, ನಮ್ಮಮ್ಮ ಎದೆಯ ಕ್ಯಾನ್ಸರಿನಿಂದ ಹೋದರು. ಮೂವತ್ತಾರು ವರ್ಷ ಆಗಿತ್ತು ಅವರಿಗೆ. ಮೂಗು, ಕಿವಿ ಬಂದ ಹಾಗೆ ಅದೂ ನನಗೆ ಬರುತ್ತಾ ಸಾರ್?” ಎಂದಳು.

“ಹಾಗೆಲ್ಲ ಯೋಚನೆ ಮಾಡಬಾರದಮ್ಮಾ, ಪರೀಕ್ಷೆ ಹತ್ತಿರ ಬಂತು, ಓದಿಕೋ ಹೋಗು” ಎಂದುಬಿಟ್ಟೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. ಕಳೆದ ತಿಂಗಳು ಅವಳು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಪಕ್ಕದಲ್ಲಿ ಎಂಟು ವರ್ಷದ ಮಗಳು. ಅದೂ ಇದೂ ಮಾತಾಡಿ, ಬಸ್ಸು ಬರುವ ಹೊತ್ತಿಗೆ, “ಚಿಕ್ಕಮ್ಮನಿಗೂ ಅದೇ ಕಾಯಿಲೆ ಆಗಿ ಆಪರೇಷನ್ ಆಯಿತು ಸಾರ್. ಬರುವ ವರ್ಷಕ್ಕೆ ನನಗೂ ಮೂವತ್ತಾರು” ಎಂದಳು.

ಈ ವಾರದ ಅಂಕಣ ಬಾಕಿ ಉಳಿದ ಆ ಉತ್ತರ. ಅದಕ್ಕಾಗಿ ನಾವು ಸ್ವಲ್ಪ ದೂರ, ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶಕ್ಕೆ ಹೋಗಬೇಕು. ಏಕೆಂದರೆ ಮೂವತ್ತು, ನಲವತ್ತರ ತಾಯಂದಿರನ್ನು ಈ ಕಾಯಿಲೆ ಕೊಂಡೊಯ್ಯುವುದು ಅಲ್ಲಿ ಅಪರೂಪದ ಸಂಗತಿಯಲ್ಲ. ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ ಅಲ್ಲಿ ಸಾವಿರಾರು ಹೆಂಗಸರ ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಓದಿ ವಿಜ್ಞಾನಿಗಳು ಕೇಳಿದ್ದಾರೆ.

ಊರಿಗೆ ಇಬ್ಬರು ಲೈನ್‌ಮನ್

ಮೊದಲು ಪಾಠ, ಆಮೇಲೆ ಪ್ರಯಾಣ. ನಮ್ಮ ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಅದು ವಿದ್ಯುತ್ ತಂತಿಯ ಹಾಗೆ ಆಗಾಗ ತುಂಡಾಗುತ್ತಲೇ ಇರುತ್ತದೆ. ಗಾಳಿ ಮಳೆಗೆ ತಂತಿ ಕಡಿದರೆ ಲೈನ್‌ಮನ್ ಕಂಬ ಹತ್ತಿ ಜೋಡಿಸುತ್ತಾನಲ್ಲ, ಜೀವಕೋಶದಲ್ಲೂ ಅಂಥ ರಿಪೇರಿ ಕೆಲಸಗಾರರಿದ್ದಾರೆ. ಅವರ ಪೈಕಿ ಮುಖ್ಯರಾದವರನ್ನು ತಯಾರಿಸುವ ವಂಶವಾಹಿಗಳ ಹೆಸರು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ಮೊದಲನೆಯದು 17ನೇ ವರ್ಣತಂತುವಿನಲ್ಲಿದೆ, ಎರಡನೆಯದು 13ನೆಯದರಲ್ಲಿ. ಸ್ತನ ಕ್ಯಾನ್ಸರಿನ ಇಂಗ್ಲಿಷ್ ಹೆಸರಿನಿಂದ ಬಂದ ಅಕ್ಷರಗಳಿವು. ಹಾಗೆಂದು ಇವು ಕ್ಯಾನ್ಸರ್ ತರುವ ವಂಶವಾಹಿಗಳು ಎಂದು ತಿಳಿಯಬೇಡಿ. ಇವು ಕ್ಯಾನ್ಸರನ್ನು ತಡೆಯುವಂಥವು. ಹೆಂಗಸರಲ್ಲಿ ಮಾತ್ರವಲ್ಲ, ಗಂಡಸರಲ್ಲೂ ಇವೆ. ತೊಂದರೆ ಬರುವುದು ಇವು ಕೆಟ್ಟಾಗ.

ಪ್ರತಿ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಅಂದರೆ ಊರಿಗೆ ಇಬ್ಬರು ಲೈನ್‌ಮನ್ ಇದ್ದ ಹಾಗೆ. ಒಬ್ಬ ರಜೆ ಹಾಕಿದರೂ ಇನ್ನೊಬ್ಬ ನಿಭಾಯಿಸುತ್ತಾನೆ. ಸಾಮಾನ್ಯ ಹೆಂಗಸಿನ ಯಾವುದೋ ಒಂದು ಜೀವಕೋಶದಲ್ಲಿ ಈ ಇಬ್ಬರೂ ಇಲ್ಲವಾಗಬೇಕಾದರೆ ಎರಡು ಬೇರೆ ಬೇರೆ ಅಪಘಾತಗಳು ಅದೇ ಜೀವಕೋಶದಲ್ಲೇ ನಡೆಯಬೇಕು. ಅದಕ್ಕೆ ಬಹಳ ಕಾಲ ಬೇಕು, ಎಷ್ಟೋ ಸಲ ಆಯುಷ್ಯವೇ ಸಾಲದು. ಆದರೆ ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟು ಬಂದಿದ್ದರೆ? ಆಗ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಇರುವುದು ಒಬ್ಬನೇ ಲೈನ್‌ಮನ್. ಒಂದೇ ಅಪಘಾತ ಸಾಕು. ಬಂದಿರುವ ವಂಶವಾಹಿಯ ದೋಷದಿಂದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಅಮೆರಿಕದ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಒಂದು ಕ್ಯಾನ್ಸರನ್ನು ಅಭ್ಯಾಸ ಮಾಡಿ ಈ ‘ಎರಡು ಪೆಟ್ಟಿನ’ ಲೆಕ್ಕವನ್ನು ಕೊಟ್ಟರು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕೆಟ್ಟ ಪ್ರತಿ ಅಮ್ಮನಿಂದಲೇ ಬರಬೇಕೆಂದಿಲ್ಲ. ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ದೋಷವಿರುವ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ದಾಟಿದರೂ ಕ್ಯಾನ್ಸರ್ ಬಂದೇ ತೀರುತ್ತದೆ ಎಂದಿಲ್ಲ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ದೋಷವಿರುವವರಲ್ಲಿ ಶೇಕಡ 72, ಬಿಆರ್‌ಸಿಎ2 ದೋಷವಿರುವವರಲ್ಲಿ ಶೇಕಡ 69. ಅಂಡಾಶಯದ ಕ್ಯಾನ್ಸರಿಗೆ ಈ ಸಂಖ್ಯೆಗಳು 44 ಮತ್ತು 17. ಸಣ್ಣ ಸಂಖ್ಯೆಗಳಲ್ಲ, ನಿಜ. ಆದರೆ ನೂರೂ ಅಲ್ಲ.

ಪುಸ್ತಕದಲ್ಲಿ ಇರದ ಹೆಂಗಸರು

ಕೆಲವು ಮನೆತನಗಳಲ್ಲಿ ಈ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆಂಬುದು ಹಳೆಯ ಸಂಗತಿ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲೇ ತನ್ನ ಹೆಂಡತಿಯ ಕಡೆಯ ವಂಶವೃಕ್ಷವನ್ನು ಬರೆದು ಇದನ್ನು ತೋರಿಸಿದ್ದ. ಆದರೆ ಕಾರಣ ವಂಶವಾಹಿಯಲ್ಲಿದೆ ಎಂದು ಹೇಳಿದರೆ 1970, 80ರ ದಶಕಗಳಲ್ಲೂ ಎಷ್ಟೋ ವಿಜ್ಞಾನಿಗಳು ನಂಬುತ್ತಿರಲಿಲ್ಲ. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಎಂಬಾಕೆ ಹದಿನೈದಕ್ಕೂ ಹೆಚ್ಚು ವರ್ಷ ಪಟ್ಟುಹಿಡಿದು ಕುಳಿತು, 23 ಕುಟುಂಬಗಳ ಲೆಕ್ಕ ಹಾಕಿ, ದೋಷ 17ನೇ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ತೋರಿಸಿದರು. ಬಿಆರ್‌ಸಿಎ1 ವಂಶವಾಹಿ 1994ರಲ್ಲಿ ಕೈಗೆ ಸಿಕ್ಕಿತು, ಬಿಆರ್‌ಸಿಎ2 ಮರುವರ್ಷ.

ವಂಶವಾಹಿಯಲ್ಲಾಗುವ ಬದಲಾವಣೆಗೆ ಪಠ್ಯಪುಸ್ತಕದಲ್ಲಿ ‘ಉತ್ಪರಿವರ್ತನೆ’ ಎಂಬ ಭಾರದ ಹೆಸರಿದೆ. ಸಂಗತಿ ಮಾತ್ರ ಸುಲಭ, ಅದೊಂದು ಅಕ್ಷರದೋಷ. ಜೀವಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರಗಳ ಪದಗಳಾಗಿ ಓದುತ್ತದೆ. ‘ಕಮಲ ವಿಮಲ ಸರಳ ಸುಜಾತ’ ಎಂದು ಹಾಜರಿ ಕರೆಯುವಾಗ ಮೊದಲ ಹೆಸರಿನಿಂದ ಎರಡಕ್ಷರ ಬಿಟ್ಟುಹೋಯಿತೆನ್ನಿ. ಮೂರು ಮೂರೇ ಓದುವ ಹಟದಿಂದ ‘ಕವಿಮ ಲಸರ ಳಸುಜಾ’ ಎಂದಾಗುತ್ತದೆ. ಯಾರೂ ‘ಹಾಜರ್ ಸಾರ್’ ಎನ್ನುವುದಿಲ್ಲ. ಬಿಆರ್‌ಸಿಎ1ರಲ್ಲಿ ಹೀಗೆಯೇ ಎರಡಕ್ಷರ ಉದುರಿಹೋದ ದೋಷವೊಂದಿದೆ, ಅದರ ಹೆಸರು 185ಡೆಲ್‌ಎಜಿ. ಪೂರ್ವ ಯೂರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಇದು ಮತ್ತು ಇನ್ನೆರಡು ದೋಷಗಳು ಸೇರಿ ಸುಮಾರು ನಲವತ್ತು ಜನರಲ್ಲಿ ಒಬ್ಬರಿಗೆ ಇವೆ. ಒಂದು ಸಣ್ಣ ಜನಸಮುದಾಯ ತನ್ನೊಳಗೇ ಕೊಟ್ಟು ತಂದು ಬೆಳೆದಾಗ ಯಾರೋ ಒಬ್ಬ ಪೂರ್ವಜರ ದೋಷ ಹೀಗೆ ಸಾವಿರಾರು ಮನೆಗಳಿಗೆ ಹರಡುತ್ತದೆ.

ಇಷ್ಟೆಲ್ಲ ತಿಳಿದದ್ದು ಯಾರಿಂದ? ಆರಂಭದ ವರ್ಷಗಳಲ್ಲಿ ಪರೀಕ್ಷೆಗೆ ಒಳಗಾದವರು ಬಹುಪಾಲು ಯೂರೋಪ್ ಮೂಲದ ಬಿಳಿಯ ಮಹಿಳೆಯರು. ಆಫ್ರಿಕದ ಹೆಂಗಸರು ಆ ಪುಸ್ತಕದಲ್ಲಿ ಇರಲೇ ಇಲ್ಲ.

ಈ ಕೊರತೆಯನ್ನು ಗಮನಿಸಿ ಕೆಲಸಕ್ಕೆ ಇಳಿದವರು ಡಾ. ಓಲುಫುನ್ಮಿಲಾಯೊ ಒಲೊಪಾಡೆ. 1957ರಲ್ಲಿ ನೈಜೀರಿಯಾದಲ್ಲಿ ಹುಟ್ಟಿ, 1980ರಲ್ಲಿ ಇಬಾದಾನ್ ವಿಶ್ವವಿದ್ಯಾಲಯದಿಂದ ವೈದ್ಯರಾಗಿ, ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ ಸೇರಿದವರು. ಅಲ್ಲಿ ಅವರ ಬಳಿ ಬರುತ್ತಿದ್ದ ಕಪ್ಪು ಮಹಿಳೆಯರಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚಾಗಿದ್ದರು, ಕಾಯಿಲೆಯೂ ಬಲು ಉಗ್ರವಾಗಿರುತ್ತಿತ್ತು. ಗುಲಾಮರ ಹಡಗುಗಳಲ್ಲಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರಲ್ಲಿ ಬಹಳ ಮಂದಿ ಪಶ್ಚಿಮ ಆಫ್ರಿಕದವರು. ಹಾಗಾದರೆ ಆ ಮೂಲ ನೆಲದಲ್ಲೇ ಏನಾಗುತ್ತಿದೆ ಎಂದು ನೋಡಬೇಡವೇ? 1998ರಲ್ಲಿ ಇಬಾದಾನಿನ ವೈದ್ಯರ ಜೊತೆಗೂಡಿ ನೈಜೀರಿಯಾದ ಮಹಿಳೆಯರ ಅಧ್ಯಯನ ಶುರುವಾಯಿತು.

2018ರಲ್ಲಿ ಒಲೊಪಾಡೆ, ಮೇರಿ-ಕ್ಲೇರ್ ಕಿಂಗ್ ಮತ್ತು ನೈಜೀರಿಯಾದ ಸಹೋದ್ಯೋಗಿಗಳು ಫಲಿತಾಂಶ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಇದ್ದ 1,136 ಮಂದಿ, ಇಲ್ಲದ 997 ಮಂದಿ. ಕಾಯಿಲೆಯವರನ್ನು ವಯಸ್ಸು ನೋಡಿಯಾಗಲಿ, ‘ಮನೆಯಲ್ಲಿ ಯಾರಿಗಾದರೂ ಇತ್ತೇ’ ಎಂದು ವಿಚಾರಿಸಿಯಾಗಲಿ ಆರಿಸಿರಲಿಲ್ಲ. ಆಸ್ಪತ್ರೆಗೆ ಬಂದವರನ್ನು ಬಂದ ಹಾಗೇ ಸೇರಿಸಿಕೊಂಡಿದ್ದರು. ಕಾಯಿಲೆಯಿದ್ದವರಲ್ಲಿ ಶೇಕಡ 14.7 ಮಂದಿಗೆ ಕ್ಯಾನ್ಸರ್ ಸಂಬಂಧದ ಯಾವುದಾದರೊಂದು ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿತ್ತು. ಕಾಯಿಲೆಯಿಲ್ಲದವರಲ್ಲಿ ಅದು ಶೇಕಡ 1.8 ಮಾತ್ರ. ಬಿಆರ್‌ಸಿಎ1 ಶೇಕಡ 7, ಬಿಆರ್‌ಸಿಎ2 ಶೇಕಡ 4.1, ಪಿಎಎಲ್‌ಬಿ2 ಎಂಬುದು ಶೇಕಡ 1, ಟಿಪಿ53 ಎಂಬುದು 0.4. ಈ ನಾಲ್ಕನ್ನು ಕೂಡಿದರೇ ಎಂಟು ಜನ ರೋಗಿಗಳಲ್ಲಿ ಒಬ್ಬರಾಯಿತು. ಸ್ತನ ಕ್ಯಾನ್ಸರಿನಲ್ಲಿ ವಂಶವಾಹಿಯಿಂದ ಬಂದದ್ದು ನೂರಕ್ಕೆ ಐದರಿಂದ ಹತ್ತು ಎಂದು ಪುಸ್ತಕಗಳು ಬಹುಕಾಲ ಹೇಳುತ್ತಾ ಬಂದಿದ್ದವು.

ದೋಷಗಳೂ ಅಲ್ಲಿನವೇ. ಯೊರುಬಾ ಜನರಲ್ಲಿ ಮತ್ತೆ ಮತ್ತೆ ಕಂಡ ಒಂದರ ಹೆಸರು ವೈ101ಎಕ್ಸ್. ಬಿಆರ್‌ಸಿಎ1 ತಯಾರಿಸುವ ಪ್ರೊಟೀನು 1,863 ಪದಗಳ ವಾಕ್ಯವಿದ್ದಂತೆ. ಈ ದೋಷ ಬಂದರೆ 101ನೇ ಪದದ ಜಾಗದಲ್ಲಿ ಪೂರ್ಣವಿರಾಮ ಬೀಳುತ್ತದೆ, ಮುಂದಿನದು ಬರೆಯುವುದೇ ಇಲ್ಲ. ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತ್ಯದ ಕ್ಸೋಸಾ ಜನರಲ್ಲಿ ಮತ್ತು ಅಲ್ಲಿನ ಮಿಶ್ರ ಮೂಲದವರಲ್ಲಿ ಬಿಆರ್‌ಸಿಎ2ರ ಬೇರೆಯೇ ಒಂದು ದೋಷ ಕಂಡಿದೆ. ಡಚ್ಚರ ಸಂತತಿಯ ಆಫ್ರಿಕಾನರರಿಗೆ ಅವರದೇ ದೋಷಗಳು. ಒಂದು ಜನಾಂಗದ ಪಟ್ಟಿ ಹಿಡಿದು ಇನ್ನೊಂದರಲ್ಲಿ ಹುಡುಕಿದರೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸರಾಸರಿಯ ಮೋಸ

ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುವ ನಡುವಯಸ್ಸು ಸುಮಾರು 62. ನೈಜೀರಿಯಾದಲ್ಲಿ ಅದು ಐವತ್ತಕ್ಕಿಂತ ಕೆಳಗೆ. ಇದನ್ನು ನೋಡಿದ ಕೂಡಲೇ ‘ಎಲ್ಲ ವಂಶವಾಹಿಯ ಮಹಿಮೆ’ ಎನ್ನುವುದು ಅವಸರದ ತೀರ್ಮಾನ. ನಮ್ಮ ಹೈಸ್ಕೂಲಿನ ಮೈದಾನದಲ್ಲಿ ಎಡವಿ ಬಿದ್ದವರ ಸರಾಸರಿ ವಯಸ್ಸು ಹದಿನಾಲ್ಕು. ಹಾಗೆಂದು ಹದಿನಾಲ್ಕು ವರ್ಷದವರು ಎಪ್ಪತ್ತರ ಮುದುಕರಿಗಿಂತ ಹೆಚ್ಚು ಎಡವುತ್ತಾರೆ ಎನ್ನಲು ಬರುವುದಿಲ್ಲ. ಮೈದಾನದಲ್ಲಿ ಇರುವವರೇ ಹುಡುಗರು! ನೈಜೀರಿಯಾದ ಅರ್ಧ ಜನ ಹೆಚ್ಚುಕಡಿಮೆ ಹದಿನೆಂಟರ ಆಸುಪಾಸಿಗಿಂತ ಕಿರಿಯರು. ಅರವತ್ತು ದಾಟಿದವರೇ ಕಡಿಮೆ ಇರುವಾಗ ಅರವತ್ತು ದಾಟಿದ ರೋಗಿಗಳೂ ಕಡಿಮೆಯೇ ಇರುತ್ತಾರೆ.

ಹಾಗಾದರೆ ವಂಶವಾಹಿಯ ಪಾತ್ರವಿಲ್ಲವೇ? ಇದೆ. ಬಿಆರ್‌ಸಿಎ1 ದೋಷದಿಂದ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ‘ಟ್ರಿಪಲ್ ನೆಗೆಟಿವ್’ ಎಂಬ ಜಾತಿಯವು. ಸಾಮಾನ್ಯ ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಔಷಧಿಗೆ ಹಿಡಿದುಕೊಳ್ಳಲು ಕೆಲವು ಹಿಡಿಕೆಗಳಿರುತ್ತವೆ. ಈ ಜಾತಿಯಲ್ಲಿ ಮೂರು ಮುಖ್ಯ ಹಿಡಿಕೆಗಳೂ ಇಲ್ಲ. ಟ್ಯಾಮಾಕ್ಸಿಫೆನ್‌ನಂಥ ಪರಿಚಿತ ಮಾತ್ರೆ ಇಲ್ಲಿ ನಡೆಯುವುದಿಲ್ಲ. ಗಡ್ಡೆ ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ. ಪಶ್ಚಿಮ ಆಫ್ರಿಕ ಮೂಲದ ಹೆಂಗಸರಲ್ಲಿ ಇದು ಹೆಚ್ಚು. ಅಮೆರಿಕದಲ್ಲೂ ನಲವತ್ತರೊಳಗಿನ ಕಪ್ಪು ಮಹಿಳೆಯರಿಗೆ ಅದೇ ವಯಸ್ಸಿನ ಬಿಳಿಯ ಮಹಿಳೆಯರಿಗಿಂತ ಸ್ತನ ಕ್ಯಾನ್ಸರ್ ಹೆಚ್ಚು. ಜನಸಂಖ್ಯೆಯ ಲೆಕ್ಕ ಕಳೆದ ಮೇಲೂ ಏನೋ ಉಳಿಯುತ್ತದೆ ಎಂಬುದಕ್ಕೆ ಇದು ಗುರುತು.

ಅದೇ ಹೊತ್ತಿಗೆ 14.7ರ ಇನ್ನೊಂದು ಮುಖವನ್ನೂ ನೋಡಿ. ನೈಜೀರಿಯಾದ ಶೇಕಡ 85ರಷ್ಟು ರೋಗಿಗಳಲ್ಲಿ ಅಂಥ ದೋಷ ಸಿಗಲಿಲ್ಲ. ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂದು ಎದೆಯ ಗಂಟನ್ನು ಅಲಕ್ಷ್ಯ ಮಾಡುವುದಕ್ಕೆ ಯಾರಿಗೂ ಪರವಾನಗಿ ಇಲ್ಲ.

ಪರೀಕ್ಷೆಯ ಬೆಲೆ, ಉತ್ತರದ ಬೆಲೆ

ಪರೀಕ್ಷೆ ಎಂದರೆ ಸ್ವಲ್ಪ ರಕ್ತ ಅಥವಾ ಜೊಲ್ಲು, ಅಷ್ಟೇ. ಆದರೆ ಅಮೆರಿಕದ ಒಂದು ಕಂಪನಿ ಈ ಎರಡು ವಂಶವಾಹಿಗಳ ಮೇಲೆ ಪೇಟೆಂಟ್ ಪಡೆದು, ಒಂದು ಪರೀಕ್ಷೆಗೆ ಮೂರು ಸಾವಿರ ಡಾಲರಿಗೂ ಹೆಚ್ಚು ತೆಗೆದುಕೊಳ್ಳುತ್ತಿತ್ತು. ನಿಸರ್ಗದಲ್ಲಿ ಇದ್ದ ಹಾಗೇ ಇರುವ ಡಿಎನ್‌ಎ ಯಾರ ಸ್ವತ್ತೂ ಅಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2013ರ ಜೂನ್ 13ರಂದು ಸರ್ವಾನುಮತದಿಂದ ತೀರ್ಪಿತ್ತಿತು. ಆಮೇಲೆ ಬೆಲೆ ಕೆಲವು ನೂರು ಡಾಲರಿಗೆ ಇಳಿಯಿತು. ನೈಜೀರಿಯಾದ ಒಬ್ಬ ಶಾಲಾ ಶಿಕ್ಷಕಿಗೆ ಅದೂ ದೊಡ್ಡ ಮೊತ್ತವೇ.

ದುಡ್ಡು ಕೊಟ್ಟರೂ ಉತ್ತರ ಸಿಗುತ್ತದೆಯೇ? ವರದಿಯಲ್ಲಿ ಮೂರು ಬಗೆಯ ಉತ್ತರ ಬರಬಹುದು: ದೋಷವಿದೆ, ದೋಷವಿಲ್ಲ, ಮತ್ತು ‘ಒಂದು ಬದಲಾವಣೆ ಇದೆ, ಅರ್ಥ ತಿಳಿಯದು’. ಆಫ್ರಿಕ ಮೂಲದ ಮಹಿಳೆಯರಿಗೆ ಈ ಮೂರನೆಯ ಉತ್ತರ ಬರುವುದು ಹೆಚ್ಚು. ಮನುಷ್ಯ ಹುಟ್ಟಿದ್ದೇ ಆಫ್ರಿಕದಲ್ಲಿ. ಅಲ್ಲಿಂದ ಹೊರಟ ಸಣ್ಣ ಗುಂಪುಗಳ ಸಂತಾನ ನಾವೆಲ್ಲ. ಹಾಗಾಗಿ ವಂಶವಾಹಿಗಳ ವೈವಿಧ್ಯದ ದೊಡ್ಡ ಗಂಟು ಅಲ್ಲೇ ಉಳಿದಿದೆ. ಆದರೆ ಹೋಲಿಸಿ ನೋಡುವ ಗ್ರಂಥಗಳಲ್ಲಿ ಯೂರೋಪಿನವರದೇ ಪುಟಗಳು ಹೆಚ್ಚು. ಅತಿ ಹೆಚ್ಚು ಪದಗಳಿರುವ ಭಾಷೆಗೆ ಅತಿ ತೆಳ್ಳನೆಯ ನಿಘಂಟು! ನೈಜೀರಿಯಾದ ಅಧ್ಯಯನದಲ್ಲಿ ಕಾಯಿಲೆಯಿಲ್ಲದ 997 ಮಂದಿಯ ಪಾತ್ರ ಎಷ್ಟು ದೊಡ್ಡದೆಂದು ಈಗ ಅರ್ಥವಾಗುತ್ತದೆ. ಆರೋಗ್ಯವಂತರಲ್ಲೂ ಧಾರಾಳವಾಗಿ ಇರುವ ಬದಲಾವಣೆ ನಿರುಪದ್ರವಿ ಎಂದು ಹೇಳಲು ಅವರೇ ಆಧಾರ.

ದೋಷವಿದೆ ಎಂದು ತಿಳಿದರೆ ಮಾಡುವುದೇನು? ಸೌಲಭ್ಯವಿರುವ ಕಡೆ ಇಪ್ಪತ್ತೈದರಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, ಮೂವತ್ತರ ಮೇಲೆ ಮ್ಯಾಮೊಗ್ರಾಂ, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು, ಬೇಕೆಂದವರಿಗೆ ಸ್ತನ ತೆಗೆಸುವುದು ಇತ್ಯಾದಿ ದಾರಿಗಳಿವೆ. ನಟಿ ಏಂಜಲೀನಾ ಜೋಲಿ 2013ರಲ್ಲಿ ಈ ಕೊನೆಯ ದಾರಿ ಹಿಡಿದದ್ದನ್ನು ತಾವೇ ಬರೆದು ತಿಳಿಸಿದ್ದರು. ಕಾಯಿಲೆ ಬಂದವರಿಗೂ ಒಲಾಪರಿಬ್‌ನಂಥ ಹೊಸ ಮಾತ್ರೆಗಳಿವೆ. ಇವುಗಳ ಉಪಾಯ ಚೆಂದ. ಲೈನ್‌ಮನ್‌ಗಳಿಬ್ಬರನ್ನೂ ಕಳೆದುಕೊಂಡ ಕ್ಯಾನ್ಸರ್ ಕೋಶ ಬೇರೆ ಇಲಾಖೆಯ ಆಳುಗಳಿಂದ ರಿಪೇರಿ ಮಾಡಿಸಿಕೊಂಡು ಬದುಕಿರುತ್ತದೆ. ಮಾತ್ರೆ ಆ ಆಳುಗಳ ಕೈ ಕಟ್ಟುತ್ತದೆ. ಕ್ಯಾನ್ಸರ್ ಕೋಶ ಸಾಯುತ್ತದೆ, ಒಬ್ಬ ಲೈನ್‌ಮನ್ ಇನ್ನೂ ಇರುವ ಆರೋಗ್ಯವಂತ ಕೋಶ ಉಳಿದುಕೊಳ್ಳುತ್ತದೆ. ಈ ಮಾತ್ರೆಗೆ ಅಮೆರಿಕದಲ್ಲಿ 2014ರಲ್ಲಿ ಅಂಡಾಶಯದ, 2018ರಲ್ಲಿ ಸ್ತನದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು.

ಇಬಾದಾನಿನ ಹೆಂಗಸಿಗೆ ಇವುಗಳಲ್ಲಿ ಎಷ್ಟು ಎಟುಕುತ್ತವೆ? ನೈಜೀರಿಯಾ, ಉಗಾಂಡ, ಜಾಂಬಿಯಾ, ನಮೀಬಿಯಾ, ದಕ್ಷಿಣ ಆಫ್ರಿಕ ಈ ಐದು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ಮೂರು ವರ್ಷದ ನಂತರ ಬದುಕಿದ್ದವರು ಅರ್ಧದಷ್ಟು ಮಾತ್ರ. ಬೇಗ ಆಸ್ಪತ್ರೆಗೆ ಬಂದು, ಅಲ್ಲಿ ಸಾಧ್ಯವಿರುವಷ್ಟೇ ಚಿಕಿತ್ಸೆಯನ್ನು ಸರಿಯಾಗಿ ಕೊಟ್ಟರೂ ಸಾವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಪ್ಪುತ್ತಿತ್ತು ಎಂದು ಅದೇ ಅಧ್ಯಯನ ಲೆಕ್ಕ ಹಾಕಿತು. ಅದರ ಬೆನ್ನಿಗೆ ಬಂದ ಇನ್ನೊಂದು ಲೆಕ್ಕ ಇನ್ನೂ ಭಾರ: ಐವತ್ತು ವರ್ಷದೊಳಗಿನ ನೂರು ಹೆಂಗಸರು ಈ ಕಾಯಿಲೆಯಿಂದ ತೀರಿಕೊಂಡರೆ 210 ಮಕ್ಕಳು ತಬ್ಬಲಿಗಳಾಗುತ್ತಾರೆ. ಆ ಮಕ್ಕಳಲ್ಲೂ ಹೆಣ್ಣುಮಕ್ಕಳು ಇರುತ್ತಾರೆ. ಅವರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರುತ್ತದೆ.

ಬಾಕಿ ಉತ್ತರ

ಮೇಲೆ ಹೇಳಿದ 185ಡೆಲ್‌ಎಜಿ ಎಂಬ ಎರಡಕ್ಷರದ ದೋಷ ದಕ್ಷಿಣ ಭಾರತದ ಕುಟುಂಬಗಳಲ್ಲೂ ಸಿಕ್ಕಿದೆ. ನಮ್ಮಲ್ಲೂ ಸ್ತನ ಕ್ಯಾನ್ಸರ್ ಪಶ್ಚಿಮ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನೈಜೀರಿಯಾದ ಕಥೆ ನಮಗೆ ಪರರ ಮನೆಯ ಸುದ್ದಿಯಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಗೆ ಈಗ ಹೀಗೆ ಹೇಳುತ್ತೇನೆ. ನೋಡಮ್ಮಾ, ನೀನು ಅಂದು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ‘ಹೌದು’ ಅಲ್ಲ, ‘ಇಲ್ಲ’ವೂ ಅಲ್ಲ, ‘ನೋಡಿ ಹೇಳಬಹುದು’ ಎಂಬುದು. ಕ್ಲಾಸಿನಲ್ಲಿ ಕಲಿತ ಹಾಗೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕಿ ವಂಶವೃಕ್ಷ ಬರಿ. ತಾಯಿಯ ಕಡೆಯದು, ತಂದೆಯ ಕಡೆಯದು, ಎರಡೂ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಎಂದು ಪಕ್ಕದಲ್ಲಿ ಗುರುತು ಹಾಕು. ಅದನ್ನು ಹಿಡಿದುಕೊಂಡು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ವಂಶವಾಹಿ ಸಲಹೆಗಾರರನ್ನು ಕಾಣು. ಮೊದಲು ಪರೀಕ್ಷೆ ಮಾಡಿಸಬೇಕಾದವರು ನೀನಲ್ಲ, ಕಾಯಿಲೆ ಬಂದು ಗುಣವಾಗಿರುವ ನಿನ್ನ ಚಿಕ್ಕಮ್ಮ. ಅವರಲ್ಲಿ ದೋಷ ಸಿಕ್ಕರೆ ನಿನ್ನಲ್ಲಿ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ. ನಿನ್ನಲ್ಲಿ ಆ ದೋಷ ಇಲ್ಲದಿದ್ದರೆ ನಿನ್ನ ಅಪಾಯ ಹೆಚ್ಚುಕಡಿಮೆ ಬೇರೆಯವರಷ್ಟೇ. ಇದ್ದರೆ ಕಾವಲು ಕೂರಲು ದಾರಿಗಳಿವೆ. ಅಣ್ಣತಮ್ಮಂದಿರಿದ್ದರೆ ಅವರಿಗೂ ಹೇಳು. ಮಗಳನ್ನು ಈಗಲೇ ಪರೀಕ್ಷೆಗೆ ಕರೆದೊಯ್ಯಬೇಡ. ಆ ನಿರ್ಧಾರ ಅವಳು ದೊಡ್ಡವಳಾದ ಮೇಲೆ ಅವಳದೇ.

ಇನ್ನೊಂದು ಮಾತು. ಇದರಲ್ಲಿ ನಿಮ್ಮಮ್ಮನ ತಪ್ಪೇನೂ ಇಲ್ಲ, ಯಾವ ಶಾಪವೂ ಇಲ್ಲ. ಯಾವುದೋ ಕಾಲದಲ್ಲಿ ಪ್ರತಿ ಮಾಡುವಾಗ ಆದ ಒಂದು ಕೈತಪ್ಪು ಅದು. ತಪ್ಪಿರುವ ಪುಟ ಯಾವುದೆಂದು ಗೊತ್ತಾದರೆ ಓದುವವರು ಎಚ್ಚರದಿಂದ ಓದುತ್ತಾರೆ. ಇಬಾದಾನಿನ ಸಾವಿರಾರು ಹೆಂಗಸರು ತಮ್ಮ ರಕ್ತ ಕೊಟ್ಟು ಅಂಥ ಪುಟಗಳನ್ನು ಗುರುತಿಸಿಕೊಟ್ಟರು. ಅವರಲ್ಲಿ ಬಹಳ ಜನಕ್ಕೆ ಅದರಿಂದ ಸ್ವಂತ ಪ್ರಯೋಜನ ಆಗಿರಲಿಕ್ಕಿಲ್ಲ. ಆದರೆ ಅವರ ಹೆಣ್ಣುಮಕ್ಕಳು ಕೇಳಿದಾಗ ‘ಓದಿಕೋ ಹೋಗು’ ಎಂದು ಹೇಳಿ ಕಳಿಸುವ ಅಗತ್ಯ ಯಾವ ಮೇಷ್ಟರಿಗೂ ಇನ್ನು ಇಲ್ಲ.